ಬೇರಿಂಗ್ ತಿರುಗುಮುರುಗಾಗಿದೆ, ಮಾಡ್ಯೂಲ್ ಕೆಟ್ಟಿಲ್ಲ

ಇವರಿಗೆ,
ಸರ್ವಿಸ್ ಮ್ಯಾನೇಜರ್ ಅವರು,
ಬಳ್ಳಾರಿ

ವಿಷಯ: ಎಡ ಮುಂಚಕ್ರದ ಬೇರಿಂಗ್ ಬದಲಿಸಿದ ಮೇಲೆ ಎಬಿಎಸ್ ನಿಂತುಹೋಗಿರುವ ಬಗ್ಗೆ ಹಾಗೂ 42,000 ರೂಪಾಯಿಯ ಎಸ್ಟಿಮೇಟ್‌ಗೆ ಆಕ್ಷೇಪಣೆ.

ಮಾನ್ಯರೇ,

ಕಾರನ್ನು ನಿಮ್ಮಲ್ಲಿ ಬಿಟ್ಟದ್ದು ಎಡ ಮುಂಚಕ್ರದ ಗುಂಯ್ ಸದ್ದಿಗಾಗಿ. ಬೇರಿಂಗ್ ಬದಲಾಯಿತು, ಸದ್ದು ನಿಂತಿತು. ಆದರೆ ಗಾಡಿ ನಿಮ್ಮ ಗೇಟು ದಾಟಿ ವೇಗ ಹಿಡಿಯುತ್ತಿದ್ದಂತೆ ಮೀಟರಿನಲ್ಲಿ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಹತ್ತಿತು. ವಾಪಸ್ ತಂದಾಗ ಆ ಚಕ್ರದ ವೇಗ ಅಳೆಯುವ ಸೆನ್ಸರ್ ಬದಲಿಸಿ 2,850 ರೂಪಾಯಿ ಬಿಲ್ ಮಾಡಿದಿರಿ. ದೀಪ ಮತ್ತೆ ಹತ್ತಿತು. ಈಗ ಬ್ರೇಕ್ ಒತ್ತಡ ನಿಯಂತ್ರಿಸುವ ಎಬಿಎಸ್ ಮಾಡ್ಯೂಲಿಗೆ ಅದಿರಿನ ಧೂಳು ಹೊಕ್ಕಿದೆ, 42,000 ರೂಪಾಯಿಗೆ ಇಡೀ ಮಾಡ್ಯೂಲನ್ನೇ ಬದಲಿಸಬೇಕು ಎನ್ನುತ್ತಿದ್ದೀರಿ. ಇದನ್ನು ನಾವು ಒಪ್ಪುವುದಿಲ್ಲ. ನೀವು ಕೂರಿಸಿದ ಬೇರಿಂಗ್ ಹಿಂದುಮುಂದಾಗಿದೆ, ಇಲ್ಲವೇ ಅದು ಈ ಗಾಡಿಯ ಬೇರಿಂಗೇ ಅಲ್ಲ. ನಿಮ್ಮದೇ ಸ್ಕ್ಯಾನರಿನ ಕಾಗದದಲ್ಲಿ ಇದಕ್ಕೆ ಸಾಕ್ಷಿ ಇದೆ.

ಈ ಗಾಡಿಯಲ್ಲಿ ಹಳೆಯ ಕಾಲದ ಹಲ್ಲಿನ ಉಂಗುರ ಇಲ್ಲ. ಬೇರಿಂಗಿನ ಒಂದು ಬದಿಯ ಸೀಲಿನಲ್ಲೇ ಅಯಸ್ಕಾಂತದ ಪಟ್ಟಿ ಇದೆ; ಅದರ ಸುತ್ತ ಉತ್ತರ ಧ್ರುವ, ದಕ್ಷಿಣ ಧ್ರುವ ಒಂದಾದ ಮೇಲೊಂದು ಬರುತ್ತವೆ. ಚಕ್ರ ತಿರುಗಿದಾಗ ಎದುರಿಗಿರುವ ಸೆನ್ಸರ್ ಈ ಧ್ರುವಗಳನ್ನು ಎಣಿಸುತ್ತದೆ. ನೋಡಲು ಎರಡೂ ಬದಿ ಸಾದಾ ರಬ್ಬರ್ ಸೀಲಿನಂತೆಯೇ ಇರುವುದರಿಂದ ಒತ್ತಿ ಕೂರಿಸುವ ಪ್ರೆಸ್ಸಿಗೆ ಕೊಡುವಾಗ ತಿರುವಿ ಹಾಕುವುದು ಸುಲಭ. ತಿರುವಿ ಹಾಕಿದರೂ ಬೇರಿಂಗ್ ನುಣ್ಣಗೆ ತಿರುಗುತ್ತದೆ, ಸದ್ದೂ ಮಾಡುವುದಿಲ್ಲ. ಸೆನ್ಸರಿಗೆ ಮಾತ್ರ ಏನೂ ಕಾಣುವುದಿಲ್ಲ.

ಇನ್ನು ಲಕ್ಷಣಗಳು. ಕೀ ತಿರುಗಿಸಿದಾಗ ದೀಪ ಹತ್ತಿ ಕೆಲವೇ ಸೆಕೆಂಡಿಗೆ ಆರುತ್ತದೆ. ಗಾಡಿ ಸುಮಾರು 20 ಕಿ.ಮೀ. ವೇಗ ದಾಟಿದ ಮೇಲೆ ಮತ್ತೆ ಹತ್ತುತ್ತದೆ. ಮಾಡ್ಯೂಲಿನ ವಾಲ್ವ್ ಕಾಯಿಲ್ ಹೋಗಿದ್ದರೆ ಅಥವಾ ಸೆನ್ಸರ್ ವೈರ್ ಕಡಿದಿದ್ದರೆ, ನಿಂತಲ್ಲೇ ನಡೆಯುವ ಸ್ವಯಂಪರೀಕ್ಷೆಯಲ್ಲಿ ಅದು ಸಿಕ್ಕಿಬೀಳಬೇಕಿತ್ತು, ದೀಪ ಆರಲೇಬಾರದಿತ್ತು. ಮಾಡ್ಯೂಲಿನ ಪಂಪ್ ಮೋಟಾರಿನ ಪರೀಕ್ಷೆ ಗಾಡಿ ಹೊರಟ ಮೇಲೆ ನಡೆಯುತ್ತದೆ ಎಂಬ ವಾದಕ್ಕೆ ಜಾಗವಿದೆ, ಒಪ್ಪೋಣ. ಆದರೆ ಮೋಟಾರ್ ಕೆಟ್ಟಿದ್ದರೆ ಸ್ಕ್ಯಾನರಿನಲ್ಲಿ ಮೋಟಾರಿನ ದೋಷದ ಕೋಡ್ ಬರಬೇಕು. ನಿಮ್ಮ ಕಾಗದದಲ್ಲಿ ಬಂದಿರುವುದು ಎಡ ಮುಂಚಕ್ರದ ಸಿಗ್ನಲ್ ಇಲ್ಲ ಎಂಬ ಒಂದೇ ಕೋಡ್. ಅದೇ ಪುಟದ ಕೆಳಗೆ ಲೈವ್ ಡೇಟಾ ನೋಡಿ: ಮೂರು ಚಕ್ರ 22, 23, 22, ಎಡ ಮುಂಚಕ್ರ 0. ಸೆನ್ಸರಿಗೆ ಕರೆಂಟ್ ಬರುತ್ತಿದೆ, ಸೆನ್ಸರ್ ಹೊಸದು, ಆದರೂ ಸೊನ್ನೆ. ಅಂದಮೇಲೆ ಸೆನ್ಸರಿನ ಎದುರು ತಿರುಗಬೇಕಾದದ್ದು ಅಲ್ಲಿ ಇಲ್ಲ. ಇದನ್ನು ಓದದೆ ಎಸ್ಟಿಮೇಟ್ ಹೇಗೆ ಬರೆದಿರೋ ತಿಳಿಯದು.

ಸೆನ್ಸರ್ ವಿಷಯದಲ್ಲೂ ತಪ್ಪಾಗಿದೆ. ‘ಓಮ್ ಮೀಟರಿನಲ್ಲಿ ರೀಡಿಂಗ್ ಇಲ್ಲ, ಆದ್ದರಿಂದ ಬದಲಿಸಿದೆ’ ಎಂದು ಜಾಬ್ ಕಾರ್ಡಿನಲ್ಲಿ ನಿಮ್ಮವರು ಬರೆದಿದ್ದಾರೆ. ಕಾಯಿಲ್ ಇರುವ ಹಳೆಯ ಸೆನ್ಸರಿಗೆ ಪ್ರತಿರೋಧ ಅಳೆಯುವ ಆ ಪರೀಕ್ಷೆ ಸರಿ, ಸಾಮಾನ್ಯವಾಗಿ ಸಾವಿರದ ಆಸುಪಾಸು ಓಮ್ ತೋರಿಸುತ್ತದೆ. ಇದು ಎಲೆಕ್ಟ್ರಾನಿಕ್ ಸೆನ್ಸರ್. ಧ್ರುವ ಬದಲಾದಂತೆ ಸುಮಾರು 7 ಮತ್ತು 14 ಮಿಲಿಆಂಪಿಯರ್ ನಡುವೆ ಕರೆಂಟ್ ಏರಿಳಿಯಬೇಕು. ಅದನ್ನು ನೋಡಬೇಕೇ ಹೊರತು ಓಮ್ ಅಳೆದು ಪ್ರಯೋಜನವಿಲ್ಲ. ತೆಗೆದ ಸೆನ್ಸರ್ ಚೆನ್ನಾಗಿಯೇ ಇದ್ದಿರಬೇಕು. ಅದನ್ನು ವಾಪಸ್ ಕೊಡಿ.

ಅದಿರಿನ ಧೂಳಿನ ಮಾತು. ಸಂಡೂರು–ತೋರಣಗಲ್ಲು ದಾರಿಯಲ್ಲಿ ಟಿಪ್ಪರುಗಳ ಹಿಂದೆ ಓಡಾಡಿದ ಗಾಡಿಗೆ ಕೆಂಪು ಧೂಳು ಮೆತ್ತುವುದು ನಮಗೂ ಗೊತ್ತು. ಹಾಗೆಂದು ಕೆಟ್ಟದ್ದಕ್ಕೆಲ್ಲ ಅದಿರನ್ನೇ ದೂರಿದರೆ ಆಗದು. ಮಾಡ್ಯೂಲ್ ಸೀಲ್ ಆದ ಪೆಟ್ಟಿಗೆ, ಒಳಗೆ ಹರಿಯುವುದು ಬ್ರೇಕ್ ಆಯಿಲ್, ಅಲ್ಲಿಗೆ ರಸ್ತೆಯ ಧೂಳು ಹೋಗುವುದಿಲ್ಲ. ನಮ್ಮ ಭಾಗದ ಅದಿರು ಬಹುಪಾಲು ಹೆಮಟೈಟ್. ಅದನ್ನು ಅಯಸ್ಕಾಂತ ಎಳೆಯುವುದು ತೀರಾ ಕಡಿಮೆ. ಸೆನ್ಸರ್ ಜಾಗದಲ್ಲಿ ಮೀಸೆಯಂತೆ ಹಿಡಿದುಕೊಳ್ಳುವುದು ಬ್ರೇಕ್ ಡಿಸ್ಕ್ ಸವೆದ ಕಬ್ಬಿಣದ ಪುಡಿ. ಒಣ ಬಟ್ಟೆಯಲ್ಲಿ ಒರೆಸಿದರೆ ಅದು ಹೋಗುತ್ತದೆ, 42,000 ರೂಪಾಯಿ ಬೇಕಿಲ್ಲ.

ಇವೆಲ್ಲಕ್ಕಿಂತ ಗಂಭೀರವಾದದ್ದು ನಿಮ್ಮ ಅಡ್ವೈಸರ್ ಆಡಿದ ಮಾತು: ‘ಬ್ರೇಕ್ ಹಿಡಿತೈತಲ್ರೀ, ಬೇಕಂದ್ರ ದೀಪ ಕಾಣ್ಸದಂಗ ಮಾಡಿಕೊಡ್ತೀವಿ.’ ಬ್ರೇಕ್ ಹಿಡಿಯುತ್ತದೆ, ನಿಜ. ಎಬಿಎಸ್ ಕೆಲಸ ಶುರುವಾಗುವುದೇ ಬ್ರೇಕ್ ಅತಿಯಾಗಿ ಹಿಡಿದ ಮೇಲೆ. ಚಕ್ರ ತಿರುಗುವುದು ಬಿಟ್ಟು ಜಾರುವ ಹಂತಕ್ಕೆ ಬಂದರೆ ಮಾಡ್ಯೂಲ್ ಮೊದಲು ಆ ಚಕ್ರಕ್ಕೆ ಹೋಗುವ ಒತ್ತಡವನ್ನು ತಡೆಯುತ್ತದೆ. ಸಾಲದಿದ್ದರೆ ಇನ್ನೊಂದು ವಾಲ್ವ್ ತೆರೆದು ಸ್ವಲ್ಪ ಆಯಿಲ್ ಬಿಡುತ್ತದೆ, ಪಂಪ್ ಅದನ್ನು ಹಿಂದಕ್ಕೆ ತಳ್ಳುತ್ತದೆ. ಇದು ಸೆಕೆಂಡಿಗೆ ಹಲವು ಸಲ ನಡೆಯುವುದರಿಂದಲೇ ಪೆಡಲ್ ಕಾಲಡಿಯಲ್ಲಿ ಅದುರುವುದು. ಒಂದು ಚಕ್ರದ ವೇಗ ಗೊತ್ತಾಗದಿದ್ದರೆ ಯಾವ ಚಕ್ರ ಜಾರುತ್ತಿದೆ ಎಂದು ನಿರ್ಧರಿಸಲಾಗದೆ ಕಂಪ್ಯೂಟರ್ ಇಡೀ ಎಬಿಎಸ್ ನಿಲ್ಲಿಸುತ್ತದೆ. ಆಗ ಜೋರಾಗಿ ಬ್ರೇಕ್ ಒತ್ತಿದರೆ ಮುಂಚಕ್ರ ಲಾಕ್ ಆಗುತ್ತದೆ, ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೆಟ್ಟಗೇ ಜಾರುತ್ತದೆ. ಕುಡತಿನಿ ಬಳಿ ಎಮ್ಮೆ ಅಡ್ಡ ಬಂದರೆ ಪಕ್ಕಕ್ಕೆ ತಪ್ಪಿಸುವ ಅವಕಾಶವೇ ಇರುವುದಿಲ್ಲ. ನಾಳೆ ಹಿಂಚಕ್ರಕ್ಕೆ ಬ್ರೇಕ್ ಬಲ ಹಂಚುವ ವ್ಯವಸ್ಥೆಯೂ ಕೈಕೊಟ್ಟರೆ ತಿಳಿಸಲು ಇರುವುದು ಮೀಟರಿನ ದೀಪಗಳೇ. ಅವನ್ನು ಆರಿಸಿಕೊಡುತ್ತೇವೆ ಎಂದು ಸರ್ವಿಸ್ ಸೆಂಟರಿನವರೇ ಹೇಳಬಾರದು. ಹೊಸ ಕಾರುಗಳಿಗೆಲ್ಲ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ ಮಾಡಿರುವುದು ಅಲಂಕಾರಕ್ಕಲ್ಲ.

ಪರೀಕ್ಷೆಗೆ ಅರ್ಧ ಗಂಟೆ ಸಾಕು. ಚಕ್ರ ಬಿಚ್ಚಿ, ಸೆನ್ಸರಿನ ಒಂದು ಬೋಲ್ಟ್ ತೆಗೆದು ಸೆನ್ಸರನ್ನು ಹೊರಗೆಳೆಯಿರಿ. ಆ ತೂತಿನಲ್ಲಿ ಕಾಣುವ ಸೀಲಿನ ಹತ್ತಿರ ದಾರಕ್ಕೆ ಕಟ್ಟಿದ ಸೂಜಿ ಇಳಿಬಿಡಿ. ಅಯಸ್ಕಾಂತದ ಬದಿಯಾದರೆ ಸೂಜಿ ಅಂಟುತ್ತದೆ, ಅಲ್ಲದಿದ್ದರೆ ತೂಗಾಡುತ್ತದೆ. ಧ್ರುವಗಳ ಗೆರೆ ತೋರಿಸುವ ಮ್ಯಾಗ್ನೆಟ್ ಕಾರ್ಡ್ ಇದ್ದರೆ ಇನ್ನೂ ಸ್ಪಷ್ಟ. ಬಲವಾದ ಅಯಸ್ಕಾಂತವನ್ನು ಮಾತ್ರ ಅಲ್ಲಿಗೆ ಒಯ್ಯಬೇಡಿ. ಪಟ್ಟಿಯ ಧ್ರುವಗಳೇ ಅಳಿಸಿಹೋಗುತ್ತವೆ. ಈ ಪರೀಕ್ಷೆ ನಮ್ಮೆದುರೇ ಆಗಬೇಕು.

ಬೇರಿಂಗ್ ತಪ್ಪಾಗಿದ್ದರೆ ಅದನ್ನೇ ಬಿಚ್ಚಿ ತಿರುವಿ ಹಾಕುವುದನ್ನು ಒಪ್ಪುವುದಿಲ್ಲ. ಚಕ್ರ ಕೂರುವ ಹಬ್ ಅನ್ನು ಬೇರಿಂಗಿನಿಂದ ಎಳೆಯುವಾಗ ಬಲವೆಲ್ಲ ಗುಂಡುಗಳ ಮೂಲಕವೇ ಹಾದು ಬೇರಿಂಗ್ ಕೆಡುತ್ತದೆ. ಗಾಡಿಯ ಪಾರ್ಟ್ ನಂಬರಿಗೆ ಸರಿಹೊಂದುವ ಹೊಸ ಬೇರಿಂಗ್ ತರಿಸಿ. ಕೂರಿಸುವಾಗ ಹೊರ ಉಂಗುರವನ್ನು ಒತ್ತಬೇಕು, ಹಬ್ ಹಾಕುವಾಗ ಒಳ ಉಂಗುರಕ್ಕೆ ಆಸರೆ ಕೊಡಬೇಕು. ಹಬ್ ನಟ್ ಹೊಸದಿರಲಿ, ಮ್ಯಾನ್ಯುವಲ್‌ನಲ್ಲಿರುವ ಟಾರ್ಕ್‌ಗೆ ಬಿಗಿಯಲಿ, ಏರ್ ಗನ್ನಿನ ಅಂದಾಜಿಗಲ್ಲ. ಆಮೇಲೆ ಕೋಡ್ ಅಳಿಸಿ, ಗಾಡಿ ಓಡಿಸಿ, ನಾಲ್ಕೂ ಚಕ್ರದ ವೇಗ ಹೊಂದುವುದನ್ನು ಸ್ಕ್ಯಾನರಿನಲ್ಲಿ ತೋರಿಸಿ ಪ್ರಿಂಟ್ ಕೊಡಿ.

ಅಲ್ಲಿಯವರೆಗೆ ಮಾಡ್ಯೂಲನ್ನು ಮುಟ್ಟಬೇಡಿ. ಅದರ ಪೈಪು ಬಿಚ್ಚಿದರೆ ಒಳಗೆ ಗಾಳಿ ಸೇರುತ್ತದೆ, ಸ್ಕ್ಯಾನರಿನಿಂದ ವಾಲ್ವ್ ಆಡಿಸದೆ ಬರೀ ಪೆಡಲ್ ಒತ್ತಿ ಬ್ಲೀಡ್ ಮಾಡಿದರೆ (ಗಾಳಿ ಹೊರಹಾಕಲು ನೋಡಿದರೆ) ಆ ಗಾಳಿ ಪೂರ್ತಿ ಹೋಗುವುದಿಲ್ಲ. ಹೊಸ ಮಾಡ್ಯೂಲ್ ಹಾಕಿ ಕೋಡಿಂಗ್ ಮಾಡಿದರೂ ಎಡ ಮುಂಚಕ್ರದ ಸೊನ್ನೆ ಸೊನ್ನೆಯಾಗಿಯೇ ಇರುತ್ತದೆ.

ಎಸ್ಟಿಮೇಟ್ ರದ್ದುಮಾಡಿ, ಬೇರಿಂಗ್ ಕೆಲಸವನ್ನು ನಿಮ್ಮ ಖರ್ಚಿನಲ್ಲಿ ಸರಿಪಡಿಸಿ, ಸೆನ್ಸರಿಗೆ ತೆಗೆದುಕೊಂಡ 2,850 ರೂಪಾಯಿ ಹಿಂದಿರುಗಿಸಿ. 15 ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಬಳ್ಳಾರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. ಎರಡು ಬಿಲ್, ಜಾಬ್ ಕಾರ್ಡ್, ಎಸ್ಟಿಮೇಟ್ ಮತ್ತು ಸ್ಕ್ಯಾನರ್ ಕಾಗದದ ಪ್ರತಿಗಳನ್ನು ಲಗತ್ತಿಸಿದ್ದೇವೆ. ಸ್ಕ್ಯಾನರ್ ಕಾಗದದಲ್ಲಿ ಆ ಸೊನ್ನೆಗೆ ಕೆಂಪು ಗುರುತು ಹಾಕಿದೆ.

ಇಂತಿ,
ವಾಹನದ ಮಾಲೀಕರು
ಬಳ್ಳಾರಿ