ಅಪ್ಪಾಜಿಯ ಕಾಯಿಲೆ, ಆ ಮಾತ್ರೆ ಡಬ್ಬಿ ಮತ್ತು ಇಲಿಗಳ ಕತೆ

ಪ್ರಿಯ ಗೆಳೆಯ,

ನೀನು ಕಳಿಸಿದ ಆ್ಯಂಟಿಆಕ್ಸಿಡೆಂಟ್ (ಆಕ್ಸಿಡೇಶನ್ ತಡೆಯುವ) ಮಾತ್ರೆ ಡಬ್ಬಿಯ ಫೋಟೋ ನೋಡಿದೆ. ನಿಮ್ಮ ಅಪ್ಪಾಜಿಗೆ ಇದನ್ನು ಕೊಡು ಅಂತ ನೆಂಟರು ಪ್ರೀತಿಯಿಂದಲೇ ಹೇಳಿರ್ತಾರೆ ಬಿಡು. ಆದರೆ ತಿಂಗಳಿಗೆ ಮೂರು ಸಾವಿರ ಸುರಿಯುವ ಮೊದಲು ಇದನ್ನೊಮ್ಮೆ ಓದು.

ದೀಪಾವಳಿಗೆ ನಾನು ಬಂದಾಗ ಅಪ್ಪಾಜಿ ಅಡಕತ್ತರಿ ಹಿಡಿದು, ಒಂದು ಅಡಿಕೆ ಕತ್ತರಿಸಲಾಗದೆ ಸುಮ್ಮನೆ ಕೂತಿದ್ದರು. ತೋಳಿನ ಚರ್ಮದಡಿ ಹುಳು ಹರಿದಂತೆ ಸ್ನಾಯು ಮಿಡಿಯುತ್ತಿತ್ತು. ಅದು ಎಎಲ್‌ಎಸ್, ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುತ್ತಾ ಹೋಗುವ ಕಾಯಿಲೆ ಅಂತ ಆಮೇಲೆ ತಿಳಿಯಿತು. ಈಗ ಜೀನ್ ವರದಿಯಲ್ಲಿ ಎಸ್‌ಒಡಿ1 ಎಂಬ ಜೀನಿನಲ್ಲಿ ತಪ್ಪಿದೆ ಅಂತ ಬಂದಿದೆ. ಈ ಕಾಯಿಲೆಯವರಲ್ಲಿ ನೂರಕ್ಕೆ ಸುಮಾರು ಇಬ್ಬರದು ಮಾತ್ರ ಈ ಬಗೆಯದು.

ಆ ಜೀನಿನಿಂದ ತಯಾರಾಗುವ ಎಸ್‌ಒಡಿ1 ಪುಟ್ಟ ಕಿಣ್ವ, ಅಂದರೆ ಜೀವಕೋಶದಲ್ಲಿ ರಾಸಾಯನಿಕ ಕೆಲಸ ನಡೆಸುವ ಒಂದು ಪ್ರೋಟೀನು. 153 ಅಮೈನೊ ಆಮ್ಲಗಳ ಸರ, ಮಡಿಕೆಯೊಳಗೆ ಒಂದು ತಾಮ್ರ, ಒಂದು ಸತು. ಕೊಬ್ಬರಿ ಎಣ್ಣೆ ಕಮಟು ಹಿಡಿಯುತ್ತದಲ್ಲ, ಜೀವಕೋಶದೊಳಗೆ ಅಂಥ ಹಾಳಾಟ ಎಬ್ಬಿಸುವ, ಆಕ್ಸಿಜನ್ನಿನ ಉಗ್ರ ರೂಪವಾದ ಸೂಪರ್‌ಆಕ್ಸೈಡನ್ನು ಹಿಡಿದು ಸುಮ್ಮನಾಗಿಸೋದು ಅದರ ಕೆಲಸ. 1993ರಲ್ಲಿ, ತಲೆಮಾರಿನಿಂದ ಎಎಲ್‌ಎಸ್ ಬರುತ್ತಿದ್ದ 13 ಕುಟುಂಬಗಳಲ್ಲಿ ಇದರ ಜೀನಿನಲ್ಲೇ ತಪ್ಪು ಸಿಕ್ಕಿತು. ಬೇಲಿ ಮುರಿದಿದೆ, ಅದಕ್ಕೇ ಹೊಲ ಹಾಳಾಗಿದೆ ಎಂದುಕೊಂಡರು.

ಇಲಿಗಳು ಒಪ್ಪಲಿಲ್ಲ. ಮರುವರ್ಷ ಮನುಷ್ಯರ ಆ ತಪ್ಪು ಜೀನನ್ನು ಇಲಿಗೆ ಸೇರಿಸಿದರು. ಆ 153ರ ಸರದ 93ನೇ ಜಾಗದಲ್ಲಿ ಗ್ಲೈಸೀನ್ ಎಂಬ ಅಮೈನೊ ಆಮ್ಲದ ಬದಲು ಅಲನೀನ್ ಎಂಬುದು, ಅಷ್ಟೇ ವ್ಯತ್ಯಾಸ. ಇಲಿಯ ಸ್ವಂತ ಕಿಣ್ವ ಹಾಗೇ ಇತ್ತು, ಒಟ್ಟು ಕೆಲಸ ಮೊದಲಿಗಿಂತ ಹೆಚ್ಚೇ ನಡೆಯುತ್ತಿತ್ತು. ಆದರೂ ಕಾಲು ಸೋತವು. 1996ರಲ್ಲಿ, ತಮ್ಮ ಸ್ವಂತ ಎಸ್‌ಒಡಿ1 ಜೀನನ್ನೇ ತೆಗೆದುಹಾಕಿದ ಬೇರೆ ಇಲಿಗಳಿಗೆ ಎಎಲ್‌ಎಸ್‌ನಂಥ ಕಾಯಿಲೆ ಬರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು ಕಣೋ!

ತಪ್ಪಿರುವ ಪ್ರೋಟೀನು ಸಡಿಲ. ಲೋಹವನ್ನು ಬಿಗಿಯಾಗಿ ಹಿಡಿಯಲಾರದು, ಮಡಿಕೆ ಬಿಚ್ಚಿಕೊಳ್ಳುತ್ತದೆ, ಒಳಗಿದ್ದ ಭಾಗ ಆಕ್ಸಿಡೇಶನ್ನಿಗೆ (ಎಣ್ಣೆ ಕಮಟಾಗಿಸುವ ಅಂಥದೇ ಕ್ರಿಯೆಗೆ) ಬಾಯೊಡ್ಡುತ್ತದೆ. ತಪ್ಪು ಜೀನ್ ಸೇರಿಸಿದ ಇಲಿಗಳ ಬೆನ್ನುಹುರಿಯಲ್ಲಿ ಆಕ್ಸಿಡೇಶನ್‌ನಿಂದ ಕೆಟ್ಟ ಪ್ರೋಟೀನುಗಳನ್ನು ಹುಡುಕಿದಾಗ ಸಿಕ್ಕವುಗಳಲ್ಲಿ ಇದೂ ಇತ್ತು. ಕಾವಲುಗಾರನಿಗೇ ಪೆಟ್ಟು! ಹಾಗೆ ಕೆಟ್ಟಿದ್ದು ಒಂದಕ್ಕೊಂದು ಅಂಟಿ ಗಂಟು ಕಟ್ಟುತ್ತದೆ. ಬೆನ್ನುಹುರಿಯಿಂದ ಬೆರಳತನಕ ತಂತು ಚಾಚಿಕೊಂಡಿರುವ ನರಕೋಶ ಇದನ್ನು ಎಷ್ಟು ದಿನ ತಡೆದೀತು?

ತೊಂದರೆ ಇರೋದು ಕಾವಲು ಕಡಿಮೆಯಾದದ್ದರಲ್ಲಲ್ಲ, ಆ ಪ್ರೋಟೀನಿನಲ್ಲೇ. ಹಾಗಾಗಿ ಡಬ್ಬಿ ಬೇಡ. ಎಎಲ್‌ಎಸ್ ಇರುವವರಿಗೆ ವಿಟಮಿನ್ ಇ ಎಂಬ ಆ್ಯಂಟಿಆಕ್ಸಿಡೆಂಟ್ ಕೊಟ್ಟು ನೋಡಿಯಾಗಿದೆ, ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಕೇಳಲೇಬೇಕಾದ್ದು ಟೋಫರ್ಸೆನ್ ಬಗ್ಗೆ. 2023ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಔಷಧ, ಬೆನ್ನುಮೂಳೆಯ ಸಂದಿನಲ್ಲಿ ಚುಚ್ಚುತ್ತಾರೆ. ಆ ಪ್ರೋಟೀನು ತಯಾರಾಗುವುದನ್ನೇ ಅದು ತಗ್ಗಿಸುತ್ತದೆ. 28 ವಾರಗಳ ಪ್ರಯೋಗದಲ್ಲಿ ಕೈಕಾಲಿನ ಶಕ್ತಿಯಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ನರ ಸವೆಯುವುದನ್ನು ತೋರಿಸುವ ರಕ್ತದ ಗುರುತು ಮಾತ್ರ ಇಳಿದಿತ್ತು. ಸುಳ್ಳು ಆಸೆ ಹುಟ್ಟಿಸಲಾರೆ. ಆದರೂ ನಿಮ್ಮ ಡಾಕ್ಟರನ್ನು ಈ ಹೆಸರು ಹೇಳಿಯೇ ಕೇಳು.

ನಿನಗೂ ಆ ಜೀನ್ ಪರೀಕ್ಷೆ ಮಾಡಿಸುವ ಮಾತು ಫೋನಿನಲ್ಲಿ ಬೇಡ, ಭಾನುವಾರ ನಾನೇ ಬರ್ತೀನಿ. ಅಪ್ಪಾಜಿಗೆ ನೀರು ನುಂಗುವಾಗ ಕೆಮ್ಮು ಬರುತ್ತದಾ, ಅಲ್ಲಿಯವರೆಗೆ ಗಮನಿಸು.

ನಿನ್ನವನು