ಕ್ರಯಪತ್ರಗಳಲ್ಲಿನ ವರ್ಣಭೇದದ ಷರತ್ತುಗಳನ್ನು ಅವುಗಳ ಇತಿಹಾಸದೊಂದಿಗೆ ಬಹಿರಂಗಪಡಿಸಲು ಮನವಿ

ಇವರಿಗೆ,
ಮಾನ್ಯ ಸದಸ್ಯರು, ಕೌಂಟಿ ಮೇಲ್ವಿಚಾರಕರ ಮಂಡಳಿ, ಕ್ಯಾಲಿಫೋರ್ನಿಯಾ

ಇವರಿಂದ,
ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಬಡಾವಣೆಯೊಂದರ ಕನ್ನಡಿಗ ನಿವಾಸಿಗಳು

ಮಾನ್ಯರೇ,

1940ರ ದಶಕದ ನಮ್ಮ ಬಡಾವಣೆಯ ಮೂಲ ದಾಖಲೆಗಳಲ್ಲಿ, ಮನೆಗೆಲಸದವರ ಹೊರತು ಬಿಳಿಯರಲ್ಲದ ಯಾರೂ ಇಲ್ಲಿ ವಾಸಿಸತಕ್ಕದ್ದಲ್ಲ ಎಂಬ ಷರತ್ತು ಇದೆ. 2021ರ ರಾಜ್ಯ ಕಾನೂನಿನಂತೆ ದಾಖಲಾಧಿಕಾರಿಗಳು ಇಂಥ ಸಾಲುಗಳನ್ನು ಹುಡುಕಿ ಮರೆಮಾಡಬೇಕಿರುವುದು ಸ್ವಾಗತಾರ್ಹ. ಆದರೆ ಮಸಿ ಬಳಿದು ಕಡತ ಮುಚ್ಚಿಬಿಟ್ಟರೆ, ಇದೆಲ್ಲ ಯಾರೋ ಕೆಲವು ಮಾಲೀಕರ ಸಣ್ಣತನವೆಂದೇ ಮುಂದಿನವರು ತಿಳಿದಾರು ಎಂಬುದು ನಮ್ಮ ಕಳವಳ.

ಇದರ ಹಿಂದೆ ಸರ್ಕಾರವೇ ಇತ್ತು. 1934ರಲ್ಲಿ ಸ್ಥಾಪನೆಯಾಗಿ ಗೃಹಸಾಲಗಳಿಗೆ ವಿಮೆ ಕೊಡುತ್ತಿದ್ದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್, ಬಡಾವಣೆಯ ಬೆಲೆ ಉಳಿಯಬೇಕಾದರೆ ಅಲ್ಲಿ ಒಂದೇ ವರ್ಣದವರು ಇರಬೇಕೆಂದು ತನ್ನ ಕೈಪಿಡಿಯಲ್ಲಿ ಹೇಳಿ, ಇಂಥ ಷರತ್ತುಗಳನ್ನು ಶಿಫಾರಸು ಮಾಡಿತ್ತು. ದೂರದ ಮಾತೇಕೆ, ಪಾಲೊ ಆಲ್ಟೊ ಬಳಿಯ ಲಡೇರಾದಲ್ಲಿ 1940ರ ದಶಕದಲ್ಲಿ ಸುಮಾರು 150 ಕುಟುಂಬಗಳು ಸಹಕಾರ ಸಂಘ ಕಟ್ಟಿಕೊಂಡು ಜಮೀನು ಕೊಂಡಿದ್ದವು. ಅವುಗಳಲ್ಲಿ ಮೂರು ಕಪ್ಪು ವರ್ಣೀಯರ ಕುಟುಂಬಗಳಿದ್ದವು ಎಂಬ ಕಾರಣಕ್ಕೆ ವಿಮೆ ಸಿಗಲಿಲ್ಲ. ವಿಮೆಯಿಲ್ಲದೆ ಬ್ಯಾಂಕುಗಳು ಸಾಲ ಕೊಡಲಿಲ್ಲ. ಕೊನೆಗೆ ಜಮೀನು ಖಾಸಗಿ ಬಿಲ್ಡರ್ ಪಾಲಾಯಿತು. ಬೆರೆತು ಬಾಳಲು ನೆರೆಹೊರೆಯವರು ಸಿದ್ಧರಿದ್ದರೂ ಸರ್ಕಾರ ಒಪ್ಪಲಿಲ್ಲವೆಂಬುದನ್ನು ತಾವು ಗಮನಿಸಬೇಕು.

ಈ ಷರತ್ತುಗಳನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1948ರಲ್ಲಿ ಹೇಳಿತಾದರೂ, ವಸತಿಯಲ್ಲಿನ ಭೇದವನ್ನು ನಿಷೇಧಿಸುವ ಫೆಡರಲ್ ಕಾನೂನು ಬಂದದ್ದು 1968ರಲ್ಲಿ. ಅಷ್ಟರಲ್ಲಿ ಬಿಳಿಯ ಕುಟುಂಬಗಳು ಅಗ್ಗದ ಸಾಲದಿಂದ ಕೊಂಡ ಮನೆಗಳು ಮಕ್ಕಳಿಗೆ ಬಿಟ್ಟುಹೋಗುವ ಆಸ್ತಿಯಾಗಿದ್ದವು. ಅದೇ ಸಂಬಳದ ಕಪ್ಪು ವರ್ಣೀಯ ಕುಟುಂಬಗಳು ಬಾಡಿಗೆ ಕಟ್ಟುತ್ತಲೇ ಉಳಿದಿದ್ದವು.

ಪೌರತ್ವದ ಮಟ್ಟಿಗೆ ಭಾರತೀಯರು ಬಿಳಿಯರಲ್ಲವೆಂದು 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ತೀರ್ಪಾಗಿತ್ತು. ಅಂದಮೇಲೆ ಈ ಬಾಗಿಲು ನಮಗೂ ಮುಚ್ಚಿತ್ತು. ಅದನ್ನು ತೆರೆಸಿದ ಹೋರಾಟ ಮುಖ್ಯವಾಗಿ ಕಪ್ಪು ವರ್ಣೀಯರದು. ನಾವು ಆಮೇಲೆ ಬಂದು ಅದರ ಫಲ ಉಂಡವರು. ಈ ಋಣದ ಅರಿವಿನಿಂದಲೇ ಇದನ್ನು ಬರೆಯುತ್ತಿದ್ದೇವೆ.

ಆದ್ದರಿಂದ, ಷರತ್ತು ಇದ್ದ ಪ್ರತಿ ನಿವೇಶನವನ್ನೂ ತೋರಿಸುವ ನಕಾಶೆಯನ್ನು ಪ್ರಕಟಿಸಬೇಕು, ಮೂಲ ಪ್ರತಿಗಳನ್ನು ಸಾರ್ವಜನಿಕ ಗ್ರಂಥಾಲಯಗಳಲ್ಲಿ ನೋಡಲು ಸಿಗುವಂತೆ ಮಾಡಬೇಕು ಮತ್ತು ಅವುಗಳ ಜೊತೆಗೆ ಗೃಹಸಾಲ ನೀತಿಯ ಪಾತ್ರವನ್ನು ವಿವರಿಸುವ ಟಿಪ್ಪಣಿ ಇರಬೇಕೆಂದು ಕೋರುತ್ತೇವೆ. ಹಳೆಯ ದಾಖಲೆಗಳನ್ನು ಓದಿ ಪಟ್ಟಿ ಮಾಡುವ ಕೆಲಸಕ್ಕೆ ನಮ್ಮಲ್ಲಿ ಹಲವರು ವಾರಾಂತ್ಯಗಳಲ್ಲಿ ಸ್ವಯಂಸೇವಕರಾಗಿ ಬರಲು ಸಿದ್ಧರಿದ್ದಾರೆ.

ಇಂತಿ ತಮ್ಮ ವಿಶ್ವಾಸಿಗಳು,
ಬಡಾವಣೆಯ ನಿವಾಸಿಗಳು