ಸಿಯೆನಾಕ್ಕೆ ಹೊರಟ ಮಗಳಿಗೆ

ಚಿ. ಸೌ. ಮೇಘಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮೇ ತಿಂಗಳಲ್ಲಿ ಇಬ್ಬರೂ ಇಟಲಿಗೆ ಹೊರಟಿರುವುದು ಸಂತೋಷ. ಆದರೆ ಸಿಯೆನಾವನ್ನು ಫ್ಲಾರೆನ್ಸಿನಿಂದ ಬೆಳಿಗ್ಗೆ ಹೋಗಿ ಸಂಜೆ ಬರುವ ಊರು ಮಾಡಬೇಡಿ. ಎರಡು ರಾತ್ರಿಯಾದರೂ ಅಲ್ಲೇ ಉಳಿಯಿರಿ. ಹೋಗಲು ಬಸ್ಸೇ ವಾಸಿ. ಗ್ರಾಮ್ಶಿ ಚೌಕದ ಹತ್ತಿರ, ಊರೊಳಗೇ ಇಳಿಸುತ್ತದೆ. ರೈಲು ನಿಲ್ದಾಣ ಗುಡ್ಡದ ಬುಡದಲ್ಲಿದೆ, ಪೆಟ್ಟಿಗೆ ಎಳೆದುಕೊಂಡು ಮೇಲೆ ಬರುವಷ್ಟರಲ್ಲಿ ಸುಸ್ತಾಗುತ್ತದೆ.

ಮೊದಲು ಕಾಂಪೋ ಚೌಕದ ಪಲಾತ್ಸೊ ಪುಬ್ಲಿಕೊಗೆ, ಅಂದರೆ ಹಳೆಯ ಪುರಭವನಕ್ಕೆ ಹೋಗು. 1338–39ರಲ್ಲಿ ಚಿತ್ರಕಾರ ಅಂಬ್ರೋಜೊ ಲೊರೆಂಜೆತ್ತಿ ಅಲ್ಲಿನ ಒಂದು ಕೋಣೆಯಲ್ಲಿ ಒಳ್ಳೆಯ ಆಡಳಿತದ ಫಲವನ್ನು ಗೋಡೆ ತುಂಬ ಚಿತ್ರವಾಗಿ ಬರೆದಿದ್ದಾನೆ. ಎಡಕ್ಕೆ ಊರು, ಬಲಕ್ಕೆ ಹೊಲ, ನಡುವೆ ಕೋಟೆ ಬಾಗಿಲು. ಆ ಬಾಗಿಲ ಬಳಿ ಸ್ವಲ್ಪ ಹೊತ್ತು ನಿಲ್ಲು: ಒಬ್ಬ ರೈತ ಮೈಗೆ ಬಿಳಿ ಪಟ್ಟಿಯಿರುವ ಕರಿ ಹಂದಿಯನ್ನು ಊರಿನತ್ತ ಅಟ್ಟಿಕೊಂಡು ಬರುತ್ತಿದ್ದಾನೆ. ಆ ತಳಿ ಇಂದಿಗೂ ಅಲ್ಲಿ ಉಂಟು. ಆಚೆ ಗೋಧಿ ಕೊಯ್ಲು, ಒಕ್ಕಣೆ. ಇದನ್ನು ನೋಡಿದ ಮೇಲೆ ಹೊರಗಿನ ಗುಡ್ಡಗಳು ಬೇರೆಯಾಗಿಯೇ ಕಾಣುತ್ತವೆ, ಅದಕ್ಕೇ ಈ ಕ್ರಮ. ದುರಸ್ತಿಗಾಗಿ ಆ ಕೋಣೆ ಮುಚ್ಚಿರುವುದೂ ಉಂಟು. ಟಿಕೆಟ್ ಕೊಳ್ಳುವ ಮೊದಲು ಕೇಳಿಕೋ.

ಕಾರನ್ನು ಊರು ಬಿಡುವ ದಿನ ಮಾತ್ರ ಬಾಡಿಗೆಗೆ ಹಿಡಿಯಿರಿ. ಕೋಟೆಯೊಳಗೆ ‘ಜೆಡ್‌ಟಿಎಲ್’ ಎಂಬ ವಾಹನ ನಿರ್ಬಂಧಿತ ವಲಯವಿದೆ. ಯಾರೂ ತಡೆಯುವುದಿಲ್ಲ, ಕ್ಯಾಮೆರಾ ನಂಬರ್ ಹಿಡಿಯುತ್ತದೆ. ದಂಡದ ಕಾಗದ ತಿಂಗಳುಗಳಾದ ಮೇಲೆ ಮನೆಗೆ ಬರುತ್ತದೆ. ದಾರಿ ತಪ್ಪಿ ಎರಡು ಸಲ ಹೊಕ್ಕರೆ ದಂಡವೂ ಎರಡು. ಮ್ಯಾಪನ್ನು ನಂಬಬೇಡಿ, ಕೆಂಪು ವೃತ್ತದ ಫಲಕ ನೋಡಿ. ನಮ್ಮ ಲೈಸೆನ್ಸ್ ಜೊತೆಗೆ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರವಾನಗಿ ಈಗಲೇ ಮಾಡಿಸಿಕೊಳ್ಳಿ.

ಕಾಸಿಯಾ ರಸ್ತೆ ಹಿಡಿದು ದಕ್ಷಿಣಕ್ಕೆ ಹೋದರೆ ಓರ್ಚಾ ಕಣಿವೆ. ಮೇನಲ್ಲಿ ಗೋಧಿ ಹಸಿರು. ಆಗಸ್ಟ್ ಹೊತ್ತಿಗೆ ಬರೀ ಉತ್ತ ಜೇಡಿಮಣ್ಣು. ಫೋಟೋಕ್ಕೆಂದು ಪೈರು ತುಳಿಯಬೇಡಿ, ಅದು ಒಬ್ಬರ ಅನ್ನ. ಮಳೆ ಬಂದ ಮರುದಿನ ಮಣ್ಣು ದಾರಿಗೆ ಕಾರು ಇಳಿಸಬೇಡಿ.

ಊಟ ಎರಡರೊಳಗೆ ಮುಗಿಸಿ. ಆಮೇಲೆ ಅಡುಗೆಮನೆ ಮುಚ್ಚಿದರೆ ಸಂಜೆ ಏಳೂವರೆಯವರೆಗೂ ಕಾಯಬೇಕು. ನಿಮಗೆ ‘ಪಿಚಿ ಆಲ್ ಆಲ್ಯೋನೆ’ ಹಿಡಿಸುತ್ತದೆ: ಕೈಯಲ್ಲಿ ಹೊಸೆದ ದಪ್ಪ ಶಾವಿಗೆ, ಟೊಮ್ಯಾಟೊ, ಬೆಳ್ಳುಳ್ಳಿ. ‘ಸೆಂತ್ಸಾ ಕಾರ್ನೆ’ (ಮಾಂಸ ಬೇಡ) ಎಂದು ಹೇಳಿಯೇ ತರಿಸಿ.

ಕೊನೆಗೆ ಅದೇ ಕಣಿವೆಯ ಪುಟ್ಟ ಊರು ಬಾನ್ಯೊ ವಿನ್ಯೋನಿ. ಊರ ನಡುವಿನ ಬಿಸಿನೀರಿನ ಕೊಳಕ್ಕೆ ಇಳಿಯುವಂತಿಲ್ಲ. ಅದೇ ನೀರು ಊರ ಅಂಚಿನಲ್ಲಿ, ಹಳೆಯ ಗಿರಣಿಗಳತ್ತ ಕಾಲುವೆಯಾಗಿ ಹರಿಯುತ್ತದೆ. ಅಲ್ಲಿ ಕಾಲು ಇಳಿಬಿಟ್ಟು ಕೂರಬಹುದು. ಒಂದು ಟವೆಲ್ ಕೈಚೀಲದಲ್ಲೇ ಇರಲಿ.

ಇತಿ,
ನಿನ್ನ ದೊಡ್ಡಪ್ಪ